ಸಾಬೂನು ಕತ್ತರಿಸುವ ಗೇಟಿನಲ್ಲಿ

(ಕಾನೂನು ವಿದ್ಯಾರ್ಥಿಗಳಿಗೂ ಸಾರ್ವಜನಿಕರಿಗೂ ಏರ್ಪಡಿಸಿದ್ದ ಉಪನ್ಯಾಸವೊಂದರಲ್ಲಿ ಆಡಿದ ಮಾತುಗಳಿವು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ, ಹೇಳಿದ ಧಾಟಿಯನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜೈಲಿನ ಮಾತನ್ನು ಗೇಟಿನಿಂದಲೇ ಶುರು ಮಾಡುತ್ತೇನೆ. ಕಾನೂನು ಸೇವಾ ಪ್ರಾಧಿಕಾರದ ಕಡೆಯಿಂದ ಬಡ ಕೈದಿಗಳ ಕೇಸು ನೋಡಲು ನಾನು ವರ್ಷಗಟ್ಟಲೆ ಹೋಗಿ ಬಂದ ಒಂದು ಜೈಲಿದೆ. ಅದರ ಹೆಸರು ಬೇಡ. ದೊಡ್ಡ ಕಬ್ಬಿಣದ ಬಾಗಿಲು, ಅದರಲ್ಲೊಂದು ದಿಡ್ಡಿ, ತಲೆ ಬಗ್ಗಿಸಿ ಒಳಗೆ ಕಾಲಿಟ್ಟರೆ ಎಡಗಡೆ ಒಂದು ಮರದ ಮೇಜು. ಮೇಜಿನ ಮೇಲೆ ಒಂದು ಚಾಕು, ಒಂದು ಸೈಕಲ್ ಕಡ್ಡಿ. ಮಗನನ್ನು ನೋಡಲು ಬಂದ ತಾಯಂದಿರು, ಗಂಡನನ್ನು ನೋಡಲು ಬಂದ ಹೆಂಗಸರು ತಂದ ಸಾಮಾನನ್ನೆಲ್ಲ ಆ ಮೇಜಿನ ಮೇಲೆ ಇಡಬೇಕು. ಬಿಸ್ಕತ್ತಿನ ಪೊಟ್ಟಣ ಒಡೆಯುತ್ತಾರೆ. ಬಾಳೆಹಣ್ಣಿಗೆ ಕಡ್ಡಿ ಚುಚ್ಚುತ್ತಾರೆ. ಸಾಬೂನನ್ನು ಚಾಕುವಿನಿಂದ ನಡುವೆ ಕತ್ತರಿಸಿ ಎರಡು ತುಂಡು ಮಾಡಿ ನೋಡುತ್ತಾರೆ.

ಒಂದು ದಿನ ನನ್ನ ಮುಂದೆ ನಿಂತಿದ್ದ ತಾಯಿಯೊಬ್ಬಳು ತುಂಡಾದ ಕೆಂಪು ಸಾಬೂನನ್ನು ಸೆರಗಿನಲ್ಲಿ ಒರೆಸಿ, ಎರಡನ್ನೂ ಜೋಡಿಸಿ ಹಿಡಿದುಕೊಂಡು, "ಹಿಂಗೇ ಒಸಿ ಒತ್ತಿ ಕೊಡಿ ಸ್ವಾಮಿ, ಮುರಿದಿದ್ದು ಕೊಟ್ಟವ್ಳೆ ಅಂತ ಅವ್ನು ಅಂದ್ಕಂಬಾರ್ದು" ಅಂದಳು. ವಾರ್ಡರ್ ಕೆಟ್ಟವನಲ್ಲ. "ಏನ್ ಮಾಡಾದು ತಾಯಿ, ರೂಲ್ಸು" ಅಂದು ಸಾಬೂನನ್ನು ಪೇಪರಿನಲ್ಲಿ ಸುತ್ತಿಕೊಟ್ಟ. ಅಷ್ಟರಲ್ಲಿ ಪಾಳಿ ಬದಲಾಗುವ ಹೊತ್ತಾಯಿತು. ಏಳೆಂಟು ಮಂದಿ ಸಿಬ್ಬಂದಿ ಹೆಗಲಿಗೆ ಬ್ಯಾಗು, ಕೈಯಲ್ಲಿ ಟಿಫಿನ್ ಕ್ಯಾರಿಯರು, ಮಳೆಗಾಲವಾದ್ದರಿಂದ ದಪ್ಪ ಜರ್ಕಿನ್ನು ಹಾಕಿಕೊಂಡು ಅದೇ ದಿಡ್ಡಿಯಿಂದ ಒಳಗೆ ಹೋದರು. ಒಬ್ಬರ ಬ್ಯಾಗೂ ಆ ಮೇಜನ್ನು ಮುಟ್ಟಲಿಲ್ಲ. ಅವರಲ್ಲಿ ಯಾರೋ ತಪ್ಪು ಮಾಡಿದರು ಎಂದು ನಾನು ಹೇಳುತ್ತಿಲ್ಲ. ಸಾಬೂನು ತುಂಡಾಗುವ ಗೇಟಿನಲ್ಲಿ ಬ್ಯಾಗು ಹಾಗೇ ಹೋಗುತ್ತದೆ ಎಂಬ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಆ ದಿನ ನಾನು ನೋಡಲು ಹೋಗಿದ್ದ ಹುಡುಗ ಬೈಕ್ ಕಳವಿನ ಆರೋಪದಲ್ಲಿ ಒಳಗಿದ್ದವನು. ಇಪ್ಪತ್ತೆರಡು ವರ್ಷ. ಒಳಗೆ ಹೋಗುವಾಗ ಬೀಡಿಯ ಅಭ್ಯಾಸ ಮಾತ್ರ ಇತ್ತು ಎಂದು ಅವನ ಅಮ್ಮನೂ ಹೇಳಿದ್ದಳು, ಅವನೂ ಹೇಳಿದ್ದ. ನಾಲ್ಕು ತಿಂಗಳಲ್ಲಿ ಅವನ ಕಣ್ಣು ಬದಲಾಗಿತ್ತು, ಮಾತು ತಡವರಿಸುತ್ತಿತ್ತು, ಜಾಮೀನಿನ ವಿಷಯ ಹೇಳಿದರೆ ಕಿವಿಗೇ ಹಾಕಿಕೊಳ್ಳಲಿಲ್ಲ. ಮುಂದಿನ ವಾರ ಅವನ ಅಮ್ಮ ಕೋರ್ಟಿನ ಹತ್ತಿರ ನನ್ನನ್ನು ಹುಡುಕಿಕೊಂಡು ಬಂದಳು. ಹತ್ತು ರೂಪಾಯಿಯ ನೋಟಿನ ಮೇಲೆ ಒಂದು ಫೋನ್ ನಂಬರ್ ಬರೆದುಕೊಂಡಿದ್ದಳು. ಆ ನಂಬರಿಗೆ ಮೂರು ಸಾವಿರ ಹಾಕಬೇಕಂತೆ, ಇಲ್ಲದಿದ್ದರೆ ಮಗನನ್ನು ಬಡಿಯುತ್ತಾರಂತೆ. "ಲಾಯರಮ್ಮ, ಒಳಗವ್ನೆ, ಅನ್ನ ನೀರಿಗೆ ಮೋಸ ಇಲ್ಲ ಅಂತ ಧೈರ್ಯವಾಗಿದ್ದೆ. ಈಗ ಒಳಗಿಂದ್ಲೇ ದುಡ್ ಕೇಳ್ತಾವ್ರೆ." ಗಾಂಜಾದ ಸಾಲ ಅದು. ಒಳಗೆ ಮೊದಲ ಒಂದೆರಡು ಸಲ ಪುಕ್ಕಟೆ ಸಿಗುತ್ತದೆ, ಆಮೇಲೆ ಲೆಕ್ಕ ಶುರುವಾಗುತ್ತದೆ. ಲೆಕ್ಕ ಚುಕ್ತಾ ಮಾಡುವವರು ಹೊರಗಿನ ತಾಯಿ, ಅಕ್ಕ, ಹೆಂಡತಿ. ಜೈಲಿನ ಗಾಂಜಾ ವ್ಯಾಪಾರ ನಾಲ್ಕು ಗೋಡೆಯ ಒಳಗಿನ ವ್ಯವಹಾರ ಎಂದುಕೊಂಡವರು ಆ ಹತ್ತು ರೂಪಾಯಿಯ ನೋಟನ್ನು ನೋಡಬೇಕಿತ್ತು.

ಇನ್ನು ಎಲ್ಲರಿಗೂ ಗೊತ್ತಿರುವ ಜೈಲಿಗೆ ಬರೋಣ. ಪರಪ್ಪನ ಅಗ್ರಹಾರ. ಈಗ ಫ್ರೀಡಂ ಪಾರ್ಕ್ ಆಗಿರುವ ಬೆಂಗಳೂರಿನ ಹಳೆಯ ಸೆಂಟ್ರಲ್ ಜೈಲಿನ ಜಾಗಕ್ಕೆ ಊರ ಹೊರಗೆ ಕಟ್ಟಿದ್ದು. ಊರು ಬೆಳೆದು ಈಗ ಅದರ ಸುತ್ತಲೂ ಬಡಾವಣೆಗಳಿವೆ. 2017ರ ಜುಲೈಯಲ್ಲಿ ಆಗ ಕಾರಾಗೃಹ ಇಲಾಖೆಯ ಡಿಐಜಿ ಆಗಿದ್ದ ಡಿ. ರೂಪಾ ಅವರು ಈ ಜೈಲಿನ ಬಗ್ಗೆ ತಮ್ಮ ಮೇಲಧಿಕಾರಿಗೆ ಒಂದು ವರದಿ ಕೊಟ್ಟರು. ಅದರಲ್ಲಿ ಎಲ್ಲರೂ ಓದಿದ್ದು ಆಗ ಅಲ್ಲಿ ಶಿಕ್ಷೆ ಅನುಭವಿಸುತ್ತಿದ್ದ ತಮಿಳುನಾಡಿನ ರಾಜಕಾರಣಿ ವಿ.ಕೆ. ಶಶಿಕಲಾ ಅವರ ವಿಷಯ: ಪ್ರತ್ಯೇಕ ಅಡುಗೆ, ವಿಶೇಷ ಸವಲತ್ತು, ಅದಕ್ಕಾಗಿ 2 ಕೋಟಿ ರೂಪಾಯಿ ಕೈ ಬದಲಾಯಿತೆಂಬ ಮಾತು. ಲಂಚದ ಆರೋಪವನ್ನು ಆ ಮೇಲಧಿಕಾರಿ, ಅಂದರೆ ಕಾರಾಗೃಹ ಇಲಾಖೆಯ ಆಗಿನ ಡಿಜಿಪಿ, ನಿರಾಕರಿಸಿದರು. ಸವಲತ್ತು ಕೊಟ್ಟದ್ದು ನಿಜವೆಂದು ನಿವೃತ್ತ ಐಎಎಸ್ ಅಧಿಕಾರಿ ವಿನಯ್ ಕುಮಾರ್ ಅವರ ವಿಚಾರಣಾ ಸಮಿತಿ ಹೇಳಿತು. ಇಡೀ ನಾಡು ಅದನ್ನೇ ಚರ್ಚಿಸಿತು.

ಅದೇ ವರದಿಯಲ್ಲಿ ಇನ್ನೊಂದು ಸಾಲಿತ್ತು. 25 ಕೈದಿಗಳನ್ನು ಪರೀಕ್ಷೆಗೆ ಒಳಪಡಿಸಿದರೆ 18 ಮಂದಿಯಲ್ಲಿ ಮಾದಕ ವಸ್ತು ಸೇವನೆಯ ಕುರುಹು ಸಿಕ್ಕಿತ್ತು, ಹೆಚ್ಚಿನದು ಗಾಂಜಾ. ಆ ಸಾಲನ್ನು ಎಷ್ಟು ಮಂದಿ ನೆನಪಿಟ್ಟುಕೊಂಡಿದ್ದೀರಿ? ಶಶಿಕಲಾ ಶಿಕ್ಷೆ ಮುಗಿಸಿ ಹೋದರು. ಆ 18 ಮಂದಿಯ ಬಗ್ಗೆ ಸದನದಲ್ಲಾಗಲಿ ಟಿವಿಯಲ್ಲಾಗಲಿ ಯಾರೂ ಗದ್ದಲ ಮಾಡಲಿಲ್ಲ. ವರದಿ ಕೊಟ್ಟ ರೂಪಾ ಅವರಿಗೂ, ಆರೋಪ ಹೊತ್ತ ಮೇಲಧಿಕಾರಿಗೂ ಹೆಚ್ಚುಕಡಿಮೆ ಒಟ್ಟಿಗೇ ವರ್ಗಾವಣೆಯಾಯಿತು. ಹಲವು ಕೈದಿಗಳನ್ನು ಬೇರೆ ಜೈಲುಗಳಿಗೆ ಸಾಗಿಸಿದರು. ಒಳಗಿದ್ದು ನೋಡುತ್ತಿದ್ದ ಒಬ್ಬ ಪ್ರಾಮಾಣಿಕ ವಾರ್ಡರ್ ಇದರಿಂದ ಏನು ಕಲಿತಿರಬೇಕು ಎಂದು ಯೋಚಿಸಿ ನೋಡಿ.

2024ರ ಆಗಸ್ಟ್‌ನಲ್ಲಿ ನಟ ದರ್ಶನ್ ಜೈಲಿನ ಅಂಗಳದಲ್ಲಿ ಕುರ್ಚಿ ಹಾಕಿಕೊಂಡು ಕೂತ ಫೋಟೊ ಬಂತು. ಒಂದು ಕೈಯಲ್ಲಿ ಮಗ್ಗು, ಇನ್ನೊಂದರಲ್ಲಿ ಸಿಗರೇಟು. ಒಂಬತ್ತು ಅಧಿಕಾರಿ ಸಿಬ್ಬಂದಿ ಅಮಾನತಾದರು, ದರ್ಶನ್ ಅವರನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ಮರುವರ್ಷ ಆಗಸ್ಟ್ 14ರಂದು ಸುಪ್ರೀಂ ಕೋರ್ಟ್ ಅವರ ಜಾಮೀನು ರದ್ದು ಮಾಡುವಾಗ, ಯಾರಿಗೇ ಆಗಲಿ ಜೈಲಿನಲ್ಲಿ ಪಂಚತಾರಾ ಉಪಚಾರ ನಡೆದದ್ದು ಗೊತ್ತಾದರೆ ಮೊದಲು ಅಧೀಕ್ಷಕರನ್ನೇ ಅಮಾನತು ಮಾಡಬೇಕಾಗುತ್ತದೆ ಎಂಬ ಅರ್ಥದ ಎಚ್ಚರಿಕೆ ಕೊಟ್ಟಿತು. ಆ ಎಚ್ಚರಿಕೆಗೆ ಮೂರು ತಿಂಗಳು ತುಂಬುವ ಮೊದಲೇ, 2025ರ ನವೆಂಬರ್‌ನಲ್ಲಿ ಅದೇ ಜೈಲಿನಿಂದ ಇನ್ನಷ್ಟು ವಿಡಿಯೊ ಹೊರಬಂದವು: ಫೋನ್ ಹಿಡಿದ ಕೈದಿಗಳು, ಬ್ಯಾರಕ್ಕಿನಲ್ಲಿ ಕುಣಿತ, ಕುಡಿತ. ಅದೇ ವರ್ಷದ ಜುಲೈಯಲ್ಲಿ ರಾಷ್ಟ್ರೀಯ ತನಿಖಾ ದಳ ಈ ಜೈಲಿಗೆ ಸಂಬಂಧಿಸಿದ ಭಯೋತ್ಪಾದನೆ ಪ್ರಕರಣದಲ್ಲಿ ಜೈಲಿನ ಮನೋವೈದ್ಯರೊಬ್ಬರನ್ನೂ ನಗರ ಸಶಸ್ತ್ರ ಮೀಸಲು ಪಡೆಯ ಒಬ್ಬ ಎಎಸ್‌ಐಯನ್ನೂ ಬಂಧಿಸಿತ್ತು. ವೈದ್ಯರು ಕೈದಿಗಳಿಗೆ ಫೋನ್ ಸಾಗಿಸಿದರೆಂಬುದು ಆರೋಪ. ಆರೋಪ ರುಜುವಾಗಬೇಕಾದದ್ದು ನ್ಯಾಯಾಲಯದಲ್ಲಿ, ನಾನು ತೀರ್ಪು ಹೇಳುವುದಿಲ್ಲ. ಆದರೆ ಸಂಶಯದ ನೆರಳು ವಾರ್ಡರ್ ಒಬ್ಬನ ಮೇಲೆ ಮಾತ್ರ ಬೀಳುವಂಥದ್ದಲ್ಲ ಎಂಬುದಕ್ಕೆ ಈ ಮಾತು ಹೇಳಿದೆ. ಜೈಲಿನ ಒಳಗೂ ಹೊರಗೂ ದಿನಾ ಓಡಾಡುವವರು ಎಷ್ಟೊಂದು ಮಂದಿ! ವೈದ್ಯರು, ಬೆಂಗಾವಲು ಪೊಲೀಸರು, ರೇಷನ್ ತರುವ ಲಾರಿಯವರು, ಕ್ಯಾಂಟೀನಿಗೆ ಸಾಮಾನು ಹಾಕುವವರು. ನನ್ನಂಥ ವಕೀಲರೂ ಆ ಪಟ್ಟಿಯಲ್ಲಿ ಇದ್ದೇವೆ.

ಹಾಗಾದರೆ ಮಾಲು ಬರುವುದು ಹೇಗೆ? ಎಸೆಯುವುದು ಒಂದು ದಾರಿ. ಮಂಗಳೂರಿನ ಕೋಡಿಯಾಲ್‌ಬೈಲ್ ಜೈಲು ಊರಿನ ಮಧ್ಯೆ ಇದೆ, ಗೋಡೆಯ ಪಕ್ಕದಲ್ಲೇ ರಸ್ತೆ. ವಾಹನ ನಿಲ್ಲಿಸಿ ಪೊಟ್ಟಣ ಒಳಗೆ ಎಸೆದು ಪರಾರಿಯಾಗುವುದು ಅಲ್ಲಿ ಹಲವು ಸಲ ನಡೆದಿದೆ. ಶಿವಮೊಗ್ಗದಲ್ಲಿ 2025ರ ನವೆಂಬರ್‌ನಲ್ಲಿ ಕ್ಯಾಂಟೀನಿಗೆಂದು ಆಟೋದಲ್ಲಿ ಬಂದ ಬಾಳೆಗೊನೆಗಳ ದಿಂಡನ್ನು ಕೊರೆದು ಗಾಂಜಾ, ಸಿಗರೇಟು ತುಂಬಿ ಟೇಪು ಸುತ್ತಿದ್ದರು. ಅದು ಗೇಟಿನಲ್ಲೇ ಸಿಕ್ಕಿಬಿತ್ತು. ಅದೇ ಜೈಲಿನ ಕೈದಿಯೊಬ್ಬ ಕಲ್ಲು ನುಂಗಿದ್ದೇನೆ, ಹೊಟ್ಟೆನೋವು ಎಂದು ಆಸ್ಪತ್ರೆಗೆ ಬಂದಾಗ ಎಕ್ಸ್‌ರೇಯಲ್ಲಿ ಕಂಡದ್ದು ಹೆಬ್ಬೆರಳಷ್ಟು ಪುಟ್ಟ ಮೊಬೈಲು. ಕೋರ್ಟಿಗೆ ಹಾಜರಾಗಿ ವಾಪಸ್ ಬರುವಾಗ ಮೈಯೊಳಗೆ ಅಡಗಿಸಿ ತರುವವರೂ ಇದ್ದಾರೆ.

ಇವೆಲ್ಲ ನಿಜವೇ. ಆದರೆ ಬಾಳೆದಿಂಡಿನಲ್ಲಿ ಹಿಡಿಸುವುದು ಎಷ್ಟು? ನೂರಿನ್ನೂರು ಗ್ರಾಂ. ನಾಲ್ಕೈದು ಸಾವಿರ ಜನ ಇರುವ ಜೈಲಿನಲ್ಲಿ ವರ್ಷವಿಡೀ ಸರಬರಾಜು ನಿಲ್ಲದೆ ನಡೆಯಬೇಕಾದರೆ ಅದಕ್ಕೆ ದಿನನಿತ್ಯದ ದಾರಿಯೇ ಬೇಕು. ಕೊರೊನಾ ಕಾಲ ಇದಕ್ಕೊಂದು ಪರೀಕ್ಷೆ ಮಾಡಿ ತೋರಿಸಿತು. ಅಮೆರಿಕದ ಟೆಕ್ಸಾಸ್‌ನಲ್ಲಿ 2020ರಲ್ಲಿ ಕೈದಿಗಳ ಭೇಟಿಯನ್ನು ಪೂರ್ತಿ ನಿಲ್ಲಿಸಿದರು, ಬರುವ ಕಾಗದಪತ್ರಕ್ಕೂ ಬಿಗಿ ನಿಯಮ ತಂದರು. ಆದರೂ ಮಾದಕ ವಸ್ತು ಒಳಗೆ ಬರುತ್ತಲೇ ಇತ್ತು. ತಾಯಂದಿರು ಬರದ ಆ ದಿನಗಳಲ್ಲಿ ಒಳಗೆ ಹೊರಗೆ ಓಡಾಡುತ್ತಿದ್ದವರು ಸಿಬ್ಬಂದಿ ಮಾತ್ರ. ನಮ್ಮಲ್ಲೂ ಪರಪ್ಪನ ಅಗ್ರಹಾರದ ಗೇಟಿನ ತಪಾಸಣೆಯನ್ನು ರಾಜ್ಯ ಕೈಗಾರಿಕಾ ಭದ್ರತಾ ಪಡೆಗೆ ಕೊಟ್ಟ ಮೇಲೆ ವಾರ್ಡರ್‌ಗಳೇ ಸಿಕ್ಕಿಬಿದ್ದ ಉದಾಹರಣೆಗಳಿವೆ. ತಮ್ಮ ಇಲಾಖೆಯವರನ್ನು ತಾವೇ ತಡಕುವುದಕ್ಕೂ, ಬೇರೆ ಇಲಾಖೆಯವರು ತಡಕುವುದಕ್ಕೂ ಇರುವ ವ್ಯತ್ಯಾಸ ಅದು.

ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ನಾವು ತಕ್ಷಣ ಹೇಳಿಬಿಡುತ್ತೇವೆ. ನಾನೂ ಹೇಳಿದ್ದೇನೆ. ಹತ್ತಿರದಿಂದ ನೋಡುತ್ತಾ ಹೋದ ಮೇಲೆ ಆ ಗಾದೆ ಅರ್ಧದಲ್ಲೇ ನಿಲ್ಲುತ್ತದೆ ಅನ್ನಿಸಿತು. ವಾರ್ಡರ್ ಕೆಲಸಕ್ಕೆ ಸೇರಿದ ದಿನವೇ ಯಾರೂ ಗಾಂಜಾ ಹೊತ್ತು ತರುವುದಿಲ್ಲ. ಅವನು ಅಲ್ಲಿಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತಾನೆ, ಮೊದಲ ಮೆಟ್ಟಿಲು ಬಹಳ ಸಣ್ಣದು.

ಹೊಸ ಕೈದಿಯ ಮೊದಲ ರಾತ್ರಿಯನ್ನು ಕಲ್ಪಿಸಿಕೊಳ್ಳಿ. ಮಲಗಲು ಜಾಗವಿಲ್ಲ, ಶೌಚಾಲಯದ ಬಾಗಿಲ ಪಕ್ಕ ಕಾಲು ಚಾಚಲಾಗದಷ್ಟು ಸ್ಥಳ. ಗೋಡೆ ಪಕ್ಕದ ಜಾಗಕ್ಕೆ ಒಂದು ರೇಟು. ಮನೆಗೆ ಫೋನ್ ಮಾಡಿ 'ನಾನು ಬದುಕಿದ್ದೇನೆ' ಎಂದು ಹೇಳಬೇಕು. ಅಧಿಕೃತ ಫೋನ್ ಇದೆ, ಆದರೆ ನಂಬರ್ ನೋಂದಣಿಯಾಗಿ ಒಪ್ಪಿಗೆ ಸಿಗುವವರೆಗೆ ಕಾಯಬೇಕು, ಕೆಲವು ಕಡೆ ಯಂತ್ರವೇ ಕೆಟ್ಟು ಕೂತಿರುತ್ತದೆ. ಪಕ್ಕದವನ ಹತ್ತಿರ ಕದ್ದುಮುಚ್ಚಿ ಒಳಗೆ ತಂದ ಫೋನಿದೆ, ನಿಮಿಷಕ್ಕೆ ಇಷ್ಟು ಎಂದು ರೇಟು. ಹಲ್ಲುನೋವಿಗೆ ಆಸ್ಪತ್ರೆಗೆ ಹೋಗಬೇಕಾದರೆ ಬೆಂಗಾವಲಿಗೆ ಪೊಲೀಸರಿಲ್ಲ ಎನ್ನುತ್ತಾರೆ, ಇದ್ದಾರೆ ಎನ್ನಿಸಲು ಇನ್ನೊಂದು ರೇಟು. ಇವುಗಳಲ್ಲಿ ಯಾವುದೂ ಐಷಾರಾಮ ಅಲ್ಲ. ಹಾಸಿಗೆ, ಮಾತು, ಔಷಧಿ. ಸರ್ಕಾರ ಕೊಡಬೇಕಾದದ್ದನ್ನು ಕೊಡದೆ ಬಿಟ್ಟ ಜಾಗದಲ್ಲಿ ಸಿಬ್ಬಂದಿಯ ಕೈಗೆ ಮಾರುವ ಸರಕು ಸಿಕ್ಕಿತು. ಕೈದಿಯ ಕಡೆಯವರಿಂದ ಇನ್ನೂರು ರೂಪಾಯಿ ತೆಗೆದುಕೊಂಡು ಒಂದು ಫೋನ್ ಕರೆ ಮಾಡಿಸಿದ ವಾರ್ಡರ್‌ಗೆ ತಾನು ಪುಣ್ಯದ ಕೆಲಸ ಮಾಡಿದೆ ಎಂದೇ ಅನ್ನಿಸಿರಬಹುದು. ಆದರೆ ಅದನ್ನು ನೋಡಿದವನು ಬ್ಯಾರಕ್ಕಿನ ದಾದಾ. ಅವನು ಮುಂದಿನ ತಿಂಗಳು ಒಂದು ಸಿಮ್ ಕೇಳುತ್ತಾನೆ, ಅದರ ಮುಂದಿನ ತಿಂಗಳು ಒಂದು ಪೊಟ್ಟಣ. ಇಲ್ಲ ಎಂದರೆ, 'ಸಾರ್, ಅವತ್ತಿನದ್ದು ಸಾಹೇಬ್ರಿಗೆ ಹೇಳ್ಲಾ?' ಎನ್ನುತ್ತಾನೆ. ಹೊರಗಿರುವ ಅವನ ಹುಡುಗರಿಗೆ ವಾರ್ಡರ್‌ನ ಕ್ವಾರ್ಟರ್ಸ್ ಗೊತ್ತು, ಅವನ ಮಕ್ಕಳ ಶಾಲೆಯೂ ಗೊತ್ತು. ಹಣದ ಆಸೆಯಿಂದ ಶುರುವಾದದ್ದು ಹೆದರಿಕೆಯಿಂದ ಮುಂದುವರಿಯುತ್ತದೆ. ಫೋನ್ ಕರೆ ತುಳಿದು ಮಾಡಿಕೊಟ್ಟ ಕಾಲುದಾರಿಯಲ್ಲೇ ಗಾಂಜಾ ನಡೆದು ಬರುತ್ತದೆ. ಇವತ್ತು ನಾನು ಹೇಳಲು ಬಂದಿರುವ ಮಾತು ಮುಖ್ಯವಾಗಿ ಇದೇ.

ಇದು ಹೊಸದೂ ಅಲ್ಲ. ಸುನಿಲ್ ಬಾತ್ರಾ ಪ್ರಕರಣವನ್ನು ನೀವೆಲ್ಲ ಸಂವಿಧಾನದ ತರಗತಿಯಲ್ಲಿ ಓದಿರುತ್ತೀರಿ, ಕೈದಿಗೂ ಮೂಲಭೂತ ಹಕ್ಕಿದೆ ಎಂದು ಹೇಳಿದ ತೀರ್ಪು ಎಂದು. ಅದರ ಎರಡನೇ ತೀರ್ಪು ಹುಟ್ಟಿದ್ದು ತಿಹಾರ್ ಜೈಲಿನಿಂದ ಒಬ್ಬ ಕೈದಿ ಬರೆದ ಕಾಗದದಿಂದ. ಇನ್ನೊಬ್ಬ ಕೈದಿಗೆ ಹೆಡ್ ವಾರ್ಡರ್ ಕೊಟ್ಟ ಚಿತ್ರಹಿಂಸೆಯ ದೂರು ಅದು. ಚಿತ್ರಹಿಂಸೆ ಕೊಟ್ಟದ್ದು ಯಾಕೆ? ಆ ಕೈದಿಯ ಕಡೆಯವರಿಂದ ಹಣ ಕೀಳುವುದಕ್ಕೆ. ಹಕ್ಕಿನ ಪಾಠವೆಂದು ನಾವು ಓದುವ ಆ ತೀರ್ಪಿನ ಬುಡದಲ್ಲಿರುವುದು ಲಂಚ.

ಹಣ ದೊಡ್ಡದಾದರೆ ಏನಾಗುತ್ತದೆ ಎಂಬುದಕ್ಕೆ ಬೆಂಗಳೂರು ಮೂಲದ ಸುಕೇಶ್ ಚಂದ್ರಶೇಖರ್ ಪ್ರಕರಣ ಇದೆ. ದೆಹಲಿಯ ರೋಹಿಣಿ ಜೈಲಿನ ಒಳಗಿಂದಲೇ ಕೋಟಿಗಟ್ಟಲೆ ವಂಚನೆ ನಡೆಸಿದ ಆರೋಪ ಅವನ ಮೇಲಿದೆ. ಅಲ್ಲಿನ 80ಕ್ಕೂ ಹೆಚ್ಚು ಜೈಲು ಸಿಬ್ಬಂದಿ ಅವನಿಂದ ಹಣ ಪಡೆದರೆಂದು ದೆಹಲಿ ಪೊಲೀಸರು ಮೊಕದ್ದಮೆ ಹೂಡಿದರು. ಎಂಬತ್ತು ಮಂದಿ ಎಂದರೆ ಅಲ್ಲಿ ಒಬ್ಬ ಕೆಟ್ಟವನನ್ನು ಹುಡುಕಿ ತೆಗೆದು ಪ್ರಯೋಜನವಿಲ್ಲ. ಅಲ್ಲಿ ಹಣ ಮುಟ್ಟದವನೇ ಒಂಟಿ.

ಸಂಖ್ಯೆಗಳನ್ನು ಸ್ವಲ್ಪದರಲ್ಲಿ ಹೇಳಿ ಮುಗಿಸುತ್ತೇನೆ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಮಂದಿ. ನೂರು ಜನರ ಜಾಗದಲ್ಲಿ 131 ಜನ. ಅವರಲ್ಲಿ ನಾಲ್ಕರಲ್ಲಿ ಮೂರು ಪಾಲು ವಿಚಾರಣಾಧೀನ ಕೈದಿಗಳು, ಅಂದರೆ ಇನ್ನೂ ಅಪರಾಧಿಗಳೆಂದು ತೀರ್ಮಾನವಾಗದವರು. ಕಾಯಲು ಬೇಕಾದ ಹುದ್ದೆಗಳಲ್ಲಿ ಹತ್ತಕ್ಕೆ ಸುಮಾರು ಮೂರು ಖಾಲಿ. ಆರು ಕೈದಿಗಳಿಗೆ ಒಬ್ಬ ಕಾವಲು ಸಿಬ್ಬಂದಿ ಇರಬೇಕೆಂದು 2016ರ ಮಾದರಿ ಕಾರಾಗೃಹ ಕೈಪಿಡಿ ಹೇಳುತ್ತದೆ. ರಾತ್ರಿ ಪಾಳಿಯಲ್ಲಿ ಒಬ್ಬನೇ ವಾರ್ಡರ್ ಇಡೀ ಬ್ಯಾರಕ್ ಕಾಯುವುದನ್ನು ನಾನು ನೋಡಿದ್ದೇನೆ. ಹಾಗೆ ನಿಂತವನಿಗೆ ಬ್ಯಾರಕ್ ಶಾಂತವಾಗಿರಬೇಕಾದರೆ ದಾದಾನ ಸಹಕಾರ ಬೇಕೇ ಬೇಕು. ದಾದಾ ಆ ಸಹಕಾರವನ್ನು ಪುಕ್ಕಟೆ ಕೊಡುವುದಿಲ್ಲ.

ಕಾನೂನು ಏನು ಹೇಳುತ್ತದೆ? 1894ರ ಕಾರಾಗೃಹ ಕಾಯಿದೆ ತೆರೆದು ನೋಡಿ. ಜೈಲಿನ ಯಾವ ಅಧಿಕಾರಿಯೂ ಕೈದಿಯ ಜೊತೆ ಹಣದ ವ್ಯವಹಾರ ಇಟ್ಟುಕೊಳ್ಳಬಾರದು, ಏನನ್ನೂ ಮಾರಬಾರದು ಎಂದು 9ನೇ ಕಲಮು ಆಗಲೇ ಹೇಳಿತ್ತು. ಬ್ರಿಟಿಷರಿಗೆ ತಮ್ಮ ಜೈಲಿನ ರೋಗ ಯಾವುದೆಂದು ಗೊತ್ತಿತ್ತು. ಆದರೆ ನಿಷಿದ್ಧ ವಸ್ತು ಒಳಗೆ ಸಾಗಿಸಿದರೆ 42ನೇ ಕಲಮಿನ ಪ್ರಕಾರ ಶಿಕ್ಷೆ ಹೆಚ್ಚೆಂದರೆ ಆರು ತಿಂಗಳು, ದಂಡ 200 ರೂಪಾಯಿ. ನಮ್ಮ ರಾಜ್ಯದ 1963ರ ಕಾಯಿದೆಯನ್ನು ಮೂಲದಲ್ಲಿ ಬರೆದದ್ದೂ ಇದೇ ಅಚ್ಚಿನಲ್ಲಿ, ತಿದ್ದುಪಡಿಗಳು ಬಂದದ್ದು ಆಮೇಲೆ.

ಹಾಗಾದರೆ ಕಠಿಣ ಕಾನೂನಿಲ್ಲವೇ? ಇದೆ. ಇದನ್ನು ನೀವು ಬರೆದಿಟ್ಟುಕೊಳ್ಳಬೇಕು. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯಿದೆಯ 59ನೇ ಕಲಮು. ವ್ಯಸನಿಯೊಬ್ಬನನ್ನೋ ಈ ಕಾಯಿದೆಯಡಿ ಆರೋಪ ಹೊತ್ತವನನ್ನೋ ಯಾರ ಸುಪರ್ದಿಗೆ ಒಪ್ಪಿಸಲಾಗಿದೆಯೋ, ಅವರೇ ಬೇಕೆಂದು ಈ ಅಪರಾಧಕ್ಕೆ ನೆರವಾದರೆ ಅಥವಾ ಕಂಡೂ ಕಾಣದಂತೆ ಇದ್ದರೆ ಕನಿಷ್ಠ 10 ವರ್ಷ, ಗರಿಷ್ಠ 20 ವರ್ಷ ಕಠಿಣ ಸಜೆ, ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ. ಜೈಲು ಸಿಬ್ಬಂದಿಗೆ ಇದಕ್ಕಿಂತ ನೇರವಾಗಿ ಅನ್ವಯಿಸುವ ಕಲಮು ಇನ್ನೊಂದಿಲ್ಲ. ಆದರೆ ಇದರಡಿ ನ್ಯಾಯಾಲಯ ಮುಂದುವರಿಯಬೇಕಾದರೆ ಸರ್ಕಾರದ ಪೂರ್ವಾನುಮತಿಯೊಡನೆ ಲಿಖಿತ ದೂರು ಬರಬೇಕು. ಆ ಅನುಮತಿ ಕೇಳುವ ಕಡತ ಮೇಜಿನಿಂದ ಮೇಜಿಗೆ ಹೋಗುವ ಬದಲು ಸುಲಭವಾಗಿ ಹೊರಡುವುದು ಅಮಾನತಿನ ಆದೇಶ. ಅಮಾನತು ಎಂದರೆ ಶಿಕ್ಷೆಯಲ್ಲ. ಜೀವನಾಧಾರ ಭತ್ಯೆ ಬರುತ್ತಿರುತ್ತದೆ, ಕೆಲವು ತಿಂಗಳ ಮೇಲೆ ಬೇರೊಂದು ಜೈಲಿನಲ್ಲಿ ಕೆಲಸ. ಅಲ್ಲಿಯೂ ಒಂದು ದಿಡ್ಡಿ, ಅಲ್ಲಿಯೂ ಒಂದು ಮೇಜು. ಟಿವಿ ಕ್ಯಾಮೆರಾ ತಿರುಗಿದಷ್ಟು ಹೊತ್ತು ಬಿಸಿ, ಆಮೇಲೆ ತಣ್ಣಗೆ. 2017ರಿಂದ 2025ರವರೆಗೆ ಪರಪ್ಪನ ಅಗ್ರಹಾರದಲ್ಲಿ ಅಮಾನತು, ವರ್ಗಾವಣೆಗಳಿಗೆ ಕೊರತೆ ಇರಲಿಲ್ಲ. ಅದರಿಂದ ಏನು ಬದಲಾಯಿತೆಂದು ಆ ನವೆಂಬರ್‌ನ ವಿಡಿಯೊಗಳು ಹೇಳಿದವು.

ಜಾಮರ್ ಹಾಕಿ ಎನ್ನುತ್ತಾರೆ. ಹಾಕಿದ್ದಾರೆ. ಪರಪ್ಪನ ಅಗ್ರಹಾರದಲ್ಲಿಯೂ ಮಂಗಳೂರಿನಲ್ಲಿಯೂ ಜಾಮರ್ ಬಂದ ಮೇಲೆ ಸುತ್ತಲ ಮನೆಯವರು, ಅಂಗಡಿಯವರು ತಮ್ಮ ಫೋನಿಗೆ ಸಿಗ್ನಲ್ ಇಲ್ಲವೆಂದು ದೂರಿದರು. ಒಳಗಿನಿಂದ ಕರೆಗಳು, ವಿಡಿಯೊಗಳು ಬರುತ್ತಲೇ ಇದ್ದವು. 2023ರ ಜನವರಿಯಲ್ಲಿ ಬೆಳಗಾವಿಯ ಹಿಂಡಲಗಾ ಜೈಲಿನ ಕೈದಿಯೊಬ್ಬ ಕೇಂದ್ರ ಸಚಿವ ನಿತಿನ್ ಗಡ್ಕರಿಯವರ ನಾಗಪುರದ ಕಚೇರಿಗೇ ಬೆದರಿಕೆ ಕರೆ ಮಾಡಿದ್ದ. ಯಂತ್ರ ಬೇಡ ಎಂದಲ್ಲ, ಬಾಡಿ ಸ್ಕ್ಯಾನರ್ ಖಂಡಿತ ಬೇಕು. ಹೆಂಗಸರ ಮೈ ತಡಕುವ ಅವಮಾನವೂ ಅದರಿಂದ ತಪ್ಪುತ್ತದೆ. ಆದರೆ ಯಂತ್ರದ ಮುಂದೆ ಯಾರು ನಿಲ್ಲಬೇಕು, ಯಾರು ನಿಲ್ಲಬೇಕಿಲ್ಲ ಎಂದು ತೀರ್ಮಾನಿಸುವವನು ಮನುಷ್ಯ. ಯಂತ್ರ ಕೆಟ್ಟಿದೆ ಎಂದು ಬರೆಯುವವನೂ ಮನುಷ್ಯ.

ಕೆಲಸ ಮಾಡಿದ ಒಂದು ಉಪಾಯವನ್ನು ನಾನು ಎಲ್ಲೇ ಹೋದರೂ ಹೇಳುತ್ತೇನೆ. 1993ರಲ್ಲಿ ಕಿರಣ್ ಬೇಡಿ ತಿಹಾರ್‌ಗೆ ಮಹಾನಿರೀಕ್ಷಕರಾಗಿ ಹೋದಾಗ ಅಲ್ಲಿ ಒಂಬತ್ತು ಸಾವಿರದಷ್ಟು ಕೈದಿಗಳಿದ್ದರು. ಲಂಚ, ಮಾದಕ ವಸ್ತು, ಹೊಡೆದಾಟ ಎಲ್ಲಕ್ಕೂ ಆ ಜೈಲು ಹೆಸರಾಗಿತ್ತು. ಅವರ ಕಾಲದ ಧ್ಯಾನ ಶಿಬಿರಗಳ ಬಗ್ಗೆ ಬಹಳ ಮಂದಿ ಬರೆದರು. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಒಂದು ಪೆಟ್ಟಿಗೆ. ಬೀಗ ಹಾಕಿದ ಅರ್ಜಿ ಪೆಟ್ಟಿಗೆಯನ್ನು ಒಬ್ಬ ಸಿಬ್ಬಂದಿ ದಿನಾ ಬ್ಯಾರಕ್ಕಿನಿಂದ ಬ್ಯಾರಕ್ಕಿಗೆ ಹೊತ್ತುಕೊಂಡು ತಿರುಗುತ್ತಿದ್ದ. ಅದರ ಬೀಗ ತೆಗೆಯುತ್ತಿದ್ದದ್ದು ಮಹಾನಿರೀಕ್ಷಕರ ಕಚೇರಿಯಲ್ಲಿ. ಗೋಡೆಗೆ ಹೊಡೆದ ದೂರು ಪೆಟ್ಟಿಗೆ ಎಲ್ಲ ಜೈಲಿನಲ್ಲೂ ಇರುತ್ತದೆ, ಅದರ ಹತ್ತಿರ ಹೋದವನನ್ನು ಎಲ್ಲರೂ ನೋಡುತ್ತಾರೆ. ತಾನೇ ನಡೆದು ಬರುವ ಪೆಟ್ಟಿಗೆಗೆ ಒಬ್ಬ ಬಿಸಿನೀರು ಬೇಕೆಂದು ಬರೆದು ಹಾಕುತ್ತಾನೆ, ಇನ್ನೊಬ್ಬ ಯಾವ ವಾರ್ಡರ್ ಏನು ತರುತ್ತಾನೆಂದು ಬರೆದು ಹಾಕುತ್ತಾನೆ. ಯಾರು ಏನು ಬರೆದರೆಂದು ನೋಡುತ್ತಿರುವವರಿಗೆ ಗೊತ್ತಾಗುವುದಿಲ್ಲ. ಅರ್ಜಿ ಹಾಕಿದವನಿಗೆ ಉತ್ತರವೂ ಬರುತ್ತಿತ್ತು, ಅದೇ ಅದರ ಜೀವ. ಇದಕ್ಕೆ ಕೋಟಿ ರೂಪಾಯಿ ಬೇಡ, ಟೆಂಡರ್ ಬೇಡ. ಓದುವ ಮನಸ್ಸಿರುವ ಒಬ್ಬ ಅಧಿಕಾರಿ ಬೇಕು. ಆ ಅಧಿಕಾರಿಗೆ ಮರುವಾರ ವರ್ಗಾವಣೆ ಬರಬಾರದು.

ಸಿಬ್ಬಂದಿಗೂ ಅಂಥ ಒಂದು ಪೆಟ್ಟಿಗೆ ಬೇಕು. ಮೊದಲ ಮೆಟ್ಟಿಲಲ್ಲಿ ಕಾಲಿಟ್ಟು ಹೆದರಿ ನಿಂತ ವಾರ್ಡರ್ ಯಾರ ಹತ್ತಿರ ಹೋಗಬೇಕು? ಇವತ್ತಿನ ಸ್ಥಿತಿಯಲ್ಲಿ ಅವನಿಗೆ ಎರಡೇ ಬಾಗಿಲು, ಒಂದು ದಾದಾನದು, ಇನ್ನೊಂದು ಅಮಾನತಿನದು. 'ಸಾರ್, ನಾನು ಒಂದು ಸಿಮ್ ತಂದುಕೊಟ್ಟೆ, ಈಗ ಪೊಟ್ಟಣ ತಾ ಅಂತ ಹೆದರಿಸುತ್ತಿದ್ದಾರೆ' ಎಂದು ತಾನೇ ಬಂದು ಹೇಳಿದವನನ್ನು ಬೇರೆ ಊರಿಗೆ ಕಳಿಸಿ, ಅವನ ಕುಟುಂಬಕ್ಕೆ ರಕ್ಷಣೆ ಕೊಟ್ಟು, ಅವನ ಮಾತಿನ ಎಳೆ ಹಿಡಿದು ದಾದಾನ ಹೊರಗಿನ ಜಾಲ ಹಿಡಿಯುವುದು ಸಾಧ್ಯ. ಅವನಿಗೂ ಇಲಾಖಾ ಶಿಕ್ಷೆ ಇರಲಿ. ಆದರೆ ಬಂದು ಹೇಳಿದವನಿಗೂ ಸಿಕ್ಕಿಬಿದ್ದವನಿಗೂ ಒಂದೇ ಗತಿ ಎಂದಾದರೆ ಯಾರೂ ಬಂದು ಹೇಳುವುದಿಲ್ಲ.

ಇನ್ನು ಕುಡಿಯುವ, ಸೇದುವ ಹುಡುಗರ ವಿಷಯ. ಬೇಡಿಕೆ ಹಾಗೆಯೇ ಇದ್ದರೆ ಪೂರೈಕೆ ಇನ್ನೊಂದು ತೂತು ಹುಡುಕಿಕೊಳ್ಳುತ್ತದೆ. ಜೈಲಿಗೆ ಬಂದ ದಿನ ವೈದ್ಯಕೀಯ ತಪಾಸಣೆ ಆಗುತ್ತದೆ, ಬಹಳ ಕಡೆ ಅದು ಗಾಯದ ಗುರುತು ಬರೆದುಕೊಳ್ಳುವುದರಲ್ಲಿ ಮುಗಿಯುತ್ತದೆ. ನೋವಿನ ಮಾತ್ರೆಗಳ ಚಟಕ್ಕೆ ಬಿದ್ದು ಬಂದವನಿಗೆ ಎರಡನೇ ದಿನ ಮೈಯೆಲ್ಲ ನೋವು, ವಾಂತಿ, ನಿದ್ದೆಯಿಲ್ಲ. ಆ ರಾತ್ರಿ ಅವನ ಕೈಗೆ ಔಷಧಿ ಕೊಡುವವರು ಜೈಲಿನ ಆಸ್ಪತ್ರೆಯವರಲ್ಲದಿದ್ದರೆ, ಕೊಡಲು ದಾದಾ ಪಕ್ಕದಲ್ಲೇ ಮಲಗಿರುತ್ತಾನೆ. ಸಣ್ಣ ಪ್ರಮಾಣದಲ್ಲಿ ಸಿಕ್ಕಿಬಿದ್ದ ವ್ಯಸನಿಯನ್ನು ಚಿಕಿತ್ಸೆಗೆ ಕಳಿಸಲು ನ್ಯಾಯಾಲಯಕ್ಕೆ ಎನ್‌ಡಿಪಿಎಸ್‌ನ 39ನೇ ಕಲಮು ಅಧಿಕಾರ ಕೊಟ್ಟಿದೆ. ತಾನಾಗಿ ಚಿಕಿತ್ಸೆಗೆ ಮುಂದಾದ ವ್ಯಸನಿಗೆ 64ಎ ಕಲಮು ರಕ್ಷಣೆ ಕೊಡುತ್ತದೆ. ನಾವು ವಕೀಲರೇ ಇವನ್ನು ಕೇಳುವುದು ಅಪರೂಪ. ಇದು ನಮ್ಮ ವೃತ್ತಿಯವರ ತಪ್ಪು, ನಾನೂ ಅದರಲ್ಲಿ ಸೇರಿದ್ದೇನೆ.

ಜನದಟ್ಟಣೆಯ ಬಗ್ಗೆ ಒಂದೇ ಮಾತು. ಮೊದಲ ಬಾರಿ ಆರೋಪ ಹೊತ್ತವನು, ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹನೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮು ಹೇಳುತ್ತದೆ. ಜೀವಾವಧಿ, ಮರಣದಂಡನೆಯಂಥ ಅಪರಾಧಗಳಿಗೆ, ಒಂದಕ್ಕಿಂತ ಹೆಚ್ಚು ಕೇಸಿದ್ದವರಿಗೆ ಇದು ಅನ್ವಯಿಸದು. ಹಳೆಯ ಪ್ರಕರಣಗಳಿಗೂ ಅನ್ವಯ ಎಂದು ಸುಪ್ರೀಂ ಕೋರ್ಟ್ 2024ರ ಆಗಸ್ಟ್‌ನಲ್ಲಿ ಸ್ಪಷ್ಟ ಮಾಡಿದೆ. ಜಾಮೀನಿನ ಹಣವಿಲ್ಲದ ಬಡ ಕೈದಿಗೆ ಕೇಂದ್ರದ ಯೋಜನೆಯಲ್ಲಿ ನೆರವಿದೆ. ಹೊರಗಿರಬೇಕಾದವರು ಹೊರಗಿದ್ದರೆ ಗೋಡೆ ಪಕ್ಕದ ಜಾಗಕ್ಕೆ ರೇಟು ಇರುವುದಿಲ್ಲ.

ನನ್ನ ಆ ಹುಡುಗನಿಗೆ ಜಾಮೀನು ಸಿಕ್ಕಿತು. ಹತ್ತು ರೂಪಾಯಿಯ ನೋಟಿನ ಮೇಲಿದ್ದ ನಂಬರಿನ ಬಗ್ಗೆ ದೂರು ಕೊಡೋಣ ಎಂದು ನಾನು ಆ ತಾಯಿಗೆ ಹೇಳಿದಾಗ ಆಕೆ ಕೈ ಮುಗಿದು ಬೇಡವೆಂದಳು. ಮಗ ಆಗ ಇನ್ನೂ ಒಳಗಿದ್ದ. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇ ಎಂದು ಇವತ್ತಿಗೂ ಯೋಚಿಸುತ್ತೇನೆ.

ಉಪನ್ಯಾಸ ಮುಗಿದ ಮೇಲೆ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು ಕೇಳಿದಳು: "ಮೇಡಂ, ನಿಮ್ಮನ್ನೇ ಒಂದು ಜೈಲಿಗೆ ಅಧೀಕ್ಷಕರನ್ನಾಗಿ ಮಾಡಿದರೆ ಮೊದಲ ದಿನ ಏನು ಮಾಡುತ್ತೀರಿ?"

ಬೆಳಗಿನ ಪಾಳಿ ಬದಲಾಗುವ ಹೊತ್ತಿಗೆ ಗೇಟಿಗೆ ಹೋಗುತ್ತೇನೆ ಎಂದೆ. ನನ್ನ ಬ್ಯಾಗನ್ನು ಆ ಮರದ ಮೇಜಿನ ಮೇಲೆ ಇಟ್ಟು, ಜಿಪ್ ತೆಗೆದು, ಊಟದ ಡಬ್ಬಿಯ ಮುಚ್ಚಳ ತೆಗೆದು ನಿಲ್ಲುತ್ತೇನೆ. ನನ್ನ ಹಿಂದೆ ವೈದ್ಯರು, ಅವರ ಹಿಂದೆ ಜೈಲರ್, ಅವರ ಹಿಂದೆ ವಾರ್ಡರ್‌ಗಳು ಸಾಲಾಗಿ. ಅದು ಮುಗಿದ ಮೇಲೆ ಒಳಗೆ ಹೋಗಿ ಕೈದಿಗಳ ಫೋನಿನ ಹತ್ತಿರ ನಿಂತು ರಿಸೀವರ್ ಎತ್ತಿ ನೋಡುತ್ತೇನೆ. ಸದ್ದು ಬರದಿದ್ದರೆ ಸಂಜೆಯೊಳಗೆ ರಿಪೇರಿ ಮಾಡಿಸಬೇಕು. ಆ ದಿನ ಹೊಸದಾಗಿ ಒಳಗೆ ಬಂದವರಿಗೆ ಅವತ್ತು ರಾತ್ರಿಯೇ ಮನೆಗೆ ಮಾತಾಡಲು ಸಿಗಬೇಕು.